ಕಣ್ಣಿಗೆ ಹೂ ಬೀಳುವ ಮುಂಚೆ

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ, ಕಣ್ಣಿನ ವಿಭಾಗದಲ್ಲಿ ಹಲವು ವರ್ಷ ದುಡಿದ ನಿವೃತ್ತ ದಾದಿಯೊಬ್ಬರು ನೀಡಿದ ಮಾಹಿತಿಯ ಬರಹರೂಪ)



ಉಳಿತಾಯ, ಸಾಲ, ಮರುಪಾವತಿ, ಲೆಕ್ಕಪುಸ್ತಕ ಎಲ್ಲ ಮುಗಿಸಿ ಈಗ ನನ್ನ ಮಾತು ಕೇಳಲು ಕುಳಿತಿದ್ದೀರಿ. ಮನೆಗೆ ಹೋಗಿ ದನ ಕಟ್ಟಬೇಕು, ಅಡುಗೆ ಆಗಬೇಕು, ಗೊತ್ತು. ಹೆಚ್ಚು ಎಳೆಯುವುದಿಲ್ಲ. ಒಬ್ಬ ಅಕ್ಕನ ಕಥೆಯಿಂದ ಶುರು ಮಾಡ್ತೀನಿ. ಹೆಸರು ಹೇಳುವುದಿಲ್ಲ. ಅವರೂ ನಿಮ್ಮ ಹಾಗೆ ಒಂದು ಸಂಘದ ಸದಸ್ಯೆ. ಸಂಘದ ಸಾಲದಲ್ಲಿ ಹೊಲಿಗೆ ಯಂತ್ರ ತಗೊಂಡು, ಬೇಸಾಯದ ಜೊತೆ ನಾಲ್ಕು ಕಾಸು ಸಂಪಾದಿಸುತ್ತಿದ್ದವರು.

ಸುಗ್ಗಿ ಕಾಲ. ಕಣದಲ್ಲಿ ಭತ್ತ ತೂರುವಾಗ ಅವರ ಬಲಗಣ್ಣಿಗೆ ಹೊಟ್ಟು ಹಾರಿತು. ಕೈಯಲ್ಲೇ ಉಜ್ಜಿಕೊಂಡರು. ದನಕ್ಕೆ ಇಟ್ಟಿದ್ದ ತೊಟ್ಟಿಯ ನೀರನ್ನು ಕಣ್ಣಿಗೆ ಎರಚಿಕೊಂಡು ಮತ್ತೆ ಕೆಲಸಕ್ಕೆ ನಿಂತರು. ಮರುದಿನ ಕಣ್ಣು ಕೆಂಪಾಯಿತು. ಪಕ್ಕದ ಮನೆಯ ಬಾಣಂತಿಯ ಎದೆಹಾಲು ಹಾಕಿದ್ದಾಯಿತು. ನಂದಿಬಟ್ಟಲು ಹೂವಿನ ರಸ ಹಿಂಡಿದ್ದಾಯಿತು. ಆಮೇಲೆ ಔಷಧಿ ಅಂಗಡಿಯಿಂದ ಒಂದು ಡ್ರಾಪ್ಸ್ ತರಿಸಿದರು. ಮೂರು ದಿನ ಹಾಯೆನಿಸಿತು, ಕೆಂಪೂ ಇಳಿಯಿತು. ನಾಲ್ಕನೇ ದಿನ ನೋವು ಎರಡರಷ್ಟಾಯಿತು. ಒಂದು ಕಡೆ ತೋರಿಸಿದರು, ವೈರಸ್ ಹುಣ್ಣು ಎಂದರು, ಅದಕ್ಕೆ ಮದ್ದು ಹಾಕಿದರು. ಕಡಿಮೆ ಆಗಲಿಲ್ಲ. ನಮ್ಮ ವಾರ್ಡಿಗೆ ಬಂದಾಗ ಐದನೇ ವಾರ. ಸೆರಗಿನಿಂದ ಮುಖ ಮುಚ್ಚಿಕೊಂಡು, ಬೆಳಕು ನೋಡಲಾರದೆ ಗೋಡೆ ಕಡೆ ತಿರುಗಿ ಕೂತಿದ್ದರು. "ಸಿಸ್ಟರ್, ಈ ಕಣ್ಣು ತೆಗೆದು ಹಾಕಿಬಿಡಿ, ನೋವು ತಡೆಯಕ್ಕಾಗಲ್ಲ" ಅಂದರು. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಅವರ ಕಣ್ಣಲ್ಲಿ ಇದ್ದದ್ದು ಬ್ಯಾಕ್ಟೀರಿಯಾ ಅಲ್ಲ, ವೈರಸ್ಸೂ ಅಲ್ಲ. ಅದೊಂದು ಪರೋಪಜೀವಿ. ಹೆಸರು ಅಕಾಂತಮೀಬಾ.

ಕರಿಗುಡ್ಡೆ ಎಂಬ ಗಾಜು

ನಾವು ಕರಿಗುಡ್ಡೆ ಅಂತೀವಲ್ಲ, ಅದರ ಮೇಲೆ ಗಡಿಯಾರದ ಗಾಜಿನ ಹಾಗೆ ಒಂದು ತೆಳು ಪರದೆ ಇದೆ. ಅದೇ ಕಾರ್ನಿಯಾ. ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅದರಲ್ಲಿ ರಕ್ತನಾಳ ಇಲ್ಲ, ಅದಕ್ಕೇ ಅದು ತಿಳಿಯಾಗಿದೆ. ಆದರೆ ನೋವು ತಿಳಿಯುವ ನರಗಳು ತುಂಬ ಇವೆ. ಒಂದು ಕಸ ಬಿದ್ದರೂ ಜೀವ ಹೋದ ಹಾಗೆ ಆಗುವುದು ಅದಕ್ಕೇ. ಈ ಗಾಜಿನ ಮೇಲೆ ಹುಣ್ಣಾಗಿ ಮಾಗಿದರೆ ಬಿಳಿ ಕಲೆ ಉಳಿಯುತ್ತದೆ. ಊರಲ್ಲಿ "ಕಣ್ಣಿಗೆ ಹೂ ಬಿದ್ದಿದೆ" ಅಂತಾರೆ. ಹೂ ಬಿದ್ದ ಮೇಲೆ ಅದನ್ನು ಕರಗಿಸುವ ಡ್ರಾಪ್ಸ್ ಇಲ್ಲ. ಕಲೆ ಕರಿಗುಡ್ಡೆಯ ನಡುವೆ ಇದ್ದರೆ ದೃಷ್ಟಿ ಹೋಗುತ್ತದೆ. ಆದ್ದರಿಂದ ನಾವು ಮಾಡಬೇಕಾದ್ದೆಲ್ಲ ಹೂ ಬೀಳುವ ಮುಂಚೆಯೇ ಮಾಡಬೇಕು.

ಈ ಅಮೀಬಾ ಎಲ್ಲಿಂದ ಬರುತ್ತದೆ?

ಎಲ್ಲಿಂದಲೋ ಅಲ್ಲ, ನಮ್ಮ ಸುತ್ತಲೇ ಇದೆ. ಮಣ್ಣಿನಲ್ಲಿ, ಧೂಳಿನಲ್ಲಿ, ಕೆರೆ ಬಾವಿಯಲ್ಲಿ, ನೀರಿನ ಟ್ಯಾಂಕಿನಲ್ಲಿ, ನಲ್ಲಿ ನೀರಿನಲ್ಲೂ ಇರುತ್ತದೆ. ಬರಿಗಣ್ಣಿಗೆ ಕಾಣುವುದಿಲ್ಲ. ದಿನಾ ನಾವು ಇದೇ ನೀರಿನಲ್ಲಿ ಮುಖ ತೊಳೆದರೂ ಏನೂ ಆಗುವುದಿಲ್ಲ. ಕಣ್ಣಿನ ಗಾಜಿಗೆ ಗಾಯವಾಗಿದ್ದಾಗ ಕೊಳಕು ನೀರೋ ಮಣ್ಣೋ ಸೇರಿತು ಅನ್ನಿ, ಆಗ ಅದಕ್ಕೆ ಬಾಗಿಲು ತೆರೆದ ಹಾಗೆ.

ಇದಕ್ಕೆ ಇನ್ನೊಂದು ಗುಣ ಉಂಟು. ಅನುಕೂಲ ಇದ್ದಾಗ ಓಡಾಡಿಕೊಂಡು ತಿನ್ನುತ್ತದೆ. ಕಷ್ಟ ಬಂತು ಅಂದರೆ ಎರಡು ಪದರದ ಗಟ್ಟಿ ಚಿಪ್ಪು ಕಟ್ಟಿಕೊಂಡು ಒಳಗೆ ಸುಮ್ಮನೆ ಕೂರುತ್ತದೆ. ಒಣಗಿದರೂ ಸಾಯುವುದಿಲ್ಲ, ಕುಡಿಯುವ ನೀರಿಗೆ ಹಾಕುವ ಕ್ಲೋರಿನ್‌ಗೂ ಸಾಯುವುದಿಲ್ಲ. ಹೊಲದಲ್ಲಿ ಕಳೆ ಕಿತ್ತ ಮೇಲೂ ಮಣ್ಣಿನಲ್ಲಿ ಬೀಜ ಉಳಿದು, ಮಳೆ ಬಿದ್ದ ಕೂಡಲೇ ಮೊಳೆಯುವುದಿಲ್ಲವೇ, ಹಾಗೆ. ಈ ಮಾತು ನೆನಪಿಡಿ. ಚಿಕಿತ್ಸೆ ಯಾಕೆ ತಿಂಗಳುಗಟ್ಟಲೆ ಬೇಕು ಎಂಬುದು ಇದರಿಂದ ಗೊತ್ತಾಗುತ್ತದೆ.

ಈ ಕಾಯಿಲೆ ಗುರುತು ಸಿಕ್ಕಿ ಬಹಳ ಕಾಲವೇನೂ ಆಗಿಲ್ಲ. 1973ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಕಣ್ಣಿಗೆ ಪೆಟ್ಟಾಗಿದ್ದ ಒಬ್ಬ ಪಶುಪಾಲಕರಲ್ಲಿ ಇದು ಕಂಡುಬಂತು. ಮುಂದೆ ಆ ದೇಶಗಳಲ್ಲಿ ಇದು ಕಾಂಟ್ಯಾಕ್ಟ್ ಲೆನ್ಸ್ ಹಾಕುವವರ ರೋಗ ಎಂದೇ ಹೆಸರಾಯಿತು. ನಮ್ಮಲ್ಲಿ ಕಥೆ ಬೇರೆ. ಲೆನ್ಸ್ ಅಂದರೇನೆಂದೇ ಗೊತ್ತಿಲ್ಲದ ಬೇಸಾಯಗಾರರಿಗೂ ಇದು ಬರುತ್ತದೆ ಎಂದು ಮದುರೈಯ ವೈದ್ಯರು 1990ರಲ್ಲಿ ಬರೆದು ತಿಳಿಸಿದರು.

ಅಪರೂಪ ಅಂದ ಮೇಲೆ ನಮಗೇಕೆ?

ನ್ಯಾಯವಾದ ಪ್ರಶ್ನೆ. ಲೆಕ್ಕ ಹೇಳ್ತೀನಿ, ಲೆಕ್ಕದಲ್ಲಿ ನೀವೆಲ್ಲ ಜಾಣೆಯರು. ಮದುರೈಯ ಅರವಿಂದ ಕಣ್ಣಿನ ಆಸ್ಪತ್ರೆಯಲ್ಲಿ 1994ರ ಮೊದಲ ಮೂರು ತಿಂಗಳಲ್ಲಿ ಕಾರ್ನಿಯಾ ಹುಣ್ಣಾಗಿ ಬಂದ 434 ಜನರನ್ನು ಪರೀಕ್ಷಿಸಿದರು. ಅರ್ಧಕ್ಕಿಂತ ಹೆಚ್ಚು ಜನ ಹೊಲದಲ್ಲಿ ದುಡಿಯುವವರು. 284 ಜನರಿಗೆ ಮೊದಲು ಕಣ್ಣಿಗೆ ಏನೋ ತಾಗಿತ್ತು. 297 ಜನರ ಹುಣ್ಣಿನಲ್ಲಿ ರೋಗಾಣು ಬೆಳೆದು ತೋರಿತು. ಅದರಲ್ಲಿ ಬರೀ ಬ್ಯಾಕ್ಟೀರಿಯಾ 140, ಬರೀ ಶಿಲೀಂಧ್ರ, ಅಂದರೆ ಬೂಸಿನ ಜಾತಿಯದು, 139. ಎರಡೂ ಸೇರಿದ್ದು 15. ಅಮೀಬಾ ಬರೀ 3.

ಮೂರೇ ಅಲ್ಲವೇ ಅನ್ನಬಹುದು. ಆದರೆ ನೋಡಿ, ಮೂರು ಬಗೆಯ ರೋಗಾಣುವಿಗೂ ಮದ್ದು ಬೇರೆ ಬೇರೆ. ಹೊರಗಿನಿಂದ ಕಣ್ಣು ಮಾತ್ರ ಒಂದೇ ಥರ ಕೆಂಪು. ಬ್ಯಾಕ್ಟೀರಿಯಾದ ಮದ್ದಿಗೆ ಬೂಸು ಜಗ್ಗುವುದಿಲ್ಲ, ಅಮೀಬಾನೂ ಜಗ್ಗುವುದಿಲ್ಲ. ಅಮೀಬಾ ಅಪರೂಪ ಆದ್ದರಿಂದಲೇ ಅದು ಯಾರಿಗೂ ನೆನಪಿಗೆ ಬರುವುದಿಲ್ಲ, ವಾರಗಳು ಕಳೆದುಹೋಗುತ್ತವೆ. ಅದನ್ನು ಹಿಡಿಯುವ ಪರೀಕ್ಷೆ ಮಾಡಿಸಿದರೆ ಬೂಸೂ ಸಿಕ್ಕಿಬೀಳುತ್ತದೆ. ಹಾಗಾಗಿ ಈ ಮಾತು ಮೂರು ಜನರಿಗಲ್ಲ, ಅಷ್ಟೂ ಜನರಿಗೆ.

ಲಕ್ಷಣಗಳು

ಸಾಮಾನ್ಯವಾಗಿ ಒಂದೇ ಕಣ್ಣು. ಕೆಂಪು, ನೀರು ಸುರಿಯುವುದು, ಬೆಳಕು ನೋಡಲಾಗದಿರುವುದು, ಮಂಜು ಕವಿದ ಹಾಗೆ ಕಾಣುವುದು. ಎಷ್ಟೋ ಜನರಿಗೆ ಕಣ್ಣು ನೋಡಿದರೆ ಅಷ್ಟೇನೂ ಕೆಟ್ಟಿಲ್ಲ ಅನಿಸುತ್ತದೆ, ನೋವು ಮಾತ್ರ ವಿಪರೀತ. ಆದರೆ ನೋವು ಎಲ್ಲರಿಗೂ ಹಾಗೇ ಇರುವುದಿಲ್ಲ. ನೋವಿಲ್ಲ ಎಂದು ಸುಮ್ಮನಿರಬೇಡಿ. ಮೊದಲ ವಾರಗಳಲ್ಲಿ ಇದು ನೋಡಲು ವೈರಸ್ ಹುಣ್ಣಿನ ಹಾಗೆಯೇ ಇರುತ್ತದೆ, ವೈದ್ಯರಿಗೂ ಕಣ್ತಪ್ಪುತ್ತದೆ. ದಿನ ಕಳೆದ ಮೇಲೆ ಕರಿಗುಡ್ಡೆ ಮೇಲೆ ಬಳೆಯ ಹಾಗೆ ಬಿಳಿ ಉಂಗುರ ಕಾಣಿಸಬಹುದು. ಉಂಗುರ ಕಾಣುವವರೆಗೆ ಕಾದರೆ ತಡವಾಯಿತು ಎಂದೇ ಅರ್ಥ. ಮೊದಲ ಮೂರು ನಾಲ್ಕು ವಾರದೊಳಗೆ ಗುರುತು ಹಿಡಿದು ಸರಿಯಾದ ಮದ್ದು ಹಾಕಿದರೆ ದೃಷ್ಟಿ ಉಳಿಯುವ ಸಾಧ್ಯತೆ ಹೆಚ್ಚು.

ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಕಾಯಿಲೆಯಾದವರನ್ನು ದೂರ ಇಡಬೇಡಿ.

ಕೆರೆದು ಮಾಡುವ ಪರೀಕ್ಷೆ

"ಕಣ್ಣು ಕೆರೆಯುತ್ತಾರಂತೆ" ಎಂದು ಕೇಳಿದ ಕೂಡಲೇ ಎಷ್ಟೋ ಹೆಂಗಸರು ಚೀಲ ತಗೊಂಡು ಮನೆಗೆ ಹೊರಟದ್ದನ್ನು ನೋಡಿದ್ದೇನೆ. ಹೆದರಬೇಡಿ. ಏನು ಮಾಡುತ್ತಾರೆ ಹೇಳ್ತೀನಿ.

ಮೊದಲು ಗಲ್ಲ ಊರಿ ಕೂರಿಸಿ, ದೀಪವಿರುವ ಯಂತ್ರದಲ್ಲಿ ಕಣ್ಣನ್ನು ದೊಡ್ಡದಾಗಿ ನೋಡುತ್ತಾರೆ. ಆಮೇಲೆ ಕಣ್ಣು ಮರಗಟ್ಟುವ ಹನಿ ಹಾಕುತ್ತಾರೆ. ಹುಣ್ಣಿನ ಮೇಲ್ಭಾಗವನ್ನು ಸಣ್ಣ ಅಲಗಿನಿಂದ ನಯವಾಗಿ ಕೆರೆದು, ಸಿಕ್ಕಿದ್ದನ್ನು ಗಾಜಿನ ಪಟ್ಟಿಗೆ ಸವರುತ್ತಾರೆ. ಕೆಲವೇ ನಿಮಿಷದ ಕೆಲಸ. ಮುಟ್ಟಿದ್ದು ಗೊತ್ತಾಗುತ್ತದೆ, ನೋವು ಗೊತ್ತಾಗುವುದಿಲ್ಲ. ಗಾಜಿನ ಪಟ್ಟಿಗೆ ವಿಶೇಷ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಮೀಬಾದ ಚಿಪ್ಪು ಹೊಳೆಯುತ್ತದೆ, ಬೂಸಿನ ಎಳೆಗಳೂ ಹೊಳೆಯುತ್ತವೆ. ಎಷ್ಟೋ ಸಲ ಅದೇ ದಿನ ಉತ್ತರ ಸಿಗುತ್ತದೆ.

ಉಳಿದದ್ದನ್ನು ತಟ್ಟೆಯಲ್ಲಿ ಬೆಳೆಸುತ್ತಾರೆ. ಈ ಅಮೀಬಾದ ತಿಂಡಿ ಬ್ಯಾಕ್ಟೀರಿಯಾ. ಆದ್ದರಿಂದ ತಟ್ಟೆಯ ತುಂಬ ಬ್ಯಾಕ್ಟೀರಿಯಾ ಬಳಿದು ಅದರ ನಡುವೆ ಇಡುತ್ತಾರೆ. ಅಮೀಬಾ ಇದ್ದರೆ ಅದು ತಿನ್ನುತ್ತಾ ಹೋದ ದಾರಿ ಕೆಲವು ದಿನಗಳಲ್ಲಿ ಕಾಣುತ್ತದೆ, ಎಲೆ ಮೇಲೆ ಹುಳು ಕೊರೆದು ಹೋದ ಗೆರೆಯ ಹಾಗೆ. ದೊಡ್ಡ ಕಣ್ಣಿನ ಆಸ್ಪತ್ರೆಗಳಲ್ಲಿ ಕೆರೆಯದೆಯೇ ಕಾರ್ನಿಯಾದ ಒಳಪದರ ನೋಡುವ ಕಾನ್ಫೋಕಲ್ ಎಂಬ ಯಂತ್ರವೂ ಇದೆ.

ಕೆರೆದು ನೋಡುವ ಸೌಲಭ್ಯ ಎಲ್ಲ ಕಡೆ ಇರುವುದಿಲ್ಲ. ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಅಥವಾ ಕಾರ್ನಿಯಾ ತಜ್ಞರಿರುವ ಕಣ್ಣಿನ ಆಸ್ಪತ್ರೆಗೆ ಹೋಗಬೇಕಾಗಬಹುದು. ಹುಣ್ಣು ವಾಸಿಯಾಗದಿದ್ದರೆ ಒಂದು ಮಾತು ಕೇಳಲು ಸಂಕೋಚ ಬೇಡ: "ಡಾಕ್ಟ್ರೇ, ಕೆರೆದು ಪರೀಕ್ಷೆ ಮಾಡೋದು ಬೇಕಾಗ್ತದಾ? ಇಲ್ಲಿ ಆಗದಿದ್ದರೆ ಎಲ್ಲಿಗೆ ಹೋಗಲಿ, ಚೀಟಿ ಬರೆದುಕೊಡಿ." ಹಾಗೆಯೇ ಕಣ್ಣಿಗೆ ಏನು ಬಿತ್ತು, ಯಾವ ನೀರು ತಾಗಿತು, ಮನೆಯಲ್ಲಿ ಏನೇನು ಹಾಕಿದಿರಿ, ಎಲ್ಲ ಹೇಳಿ. ಎದೆಹಾಲು ಹಾಕಿದ್ದನ್ನು ಹೇಳಿದರೆ ಬೈತಾರೆ ಎಂದು ಮುಚ್ಚಿಡಬೇಡಿ. ಹಾಕಿದ ಡ್ರಾಪ್ಸ್ ಖಾಲಿಯಾಗಿದ್ದರೂ ಬಾಟಲಿ ತಗೊಂಡು ಹೋಗಿ.

ಚಿಕಿತ್ಸೆ: ಮದ್ದಿಗಿಂತ ತಾಳ್ಮೆ

ಅಮೀಬಾಕ್ಕೆ ಹಾಕುವ ಮುಖ್ಯ ಹನಿಗಳು ಎರಡು. ಒಂದು ಪಿ.ಎಚ್.ಎಂ.ಬಿ., ಇನ್ನೊಂದು ಕ್ಲೋರ್‌ಹೆಕ್ಸಿಡಿನ್. ಸಾಮಾನ್ಯವಾಗಿ ಎರಡೂ ಶೇಕಡಾ 0.02ರಷ್ಟು ತೆಳುವಾಗಿ ಇರುತ್ತವೆ. ಒಂದನ್ನೇ ಅಥವಾ ಎರಡನ್ನೂ ವೈದ್ಯರು ಕೊಡುತ್ತಾರೆ. ಎಲ್ಲ ಔಷಧಿ ಅಂಗಡಿಯಲ್ಲಿ ಸಿಗುವುದಿಲ್ಲ, ಹಲವು ಕಡೆ ಆಸ್ಪತ್ರೆಯವರೇ ತಯಾರಿಸಿ ಕೊಡುತ್ತಾರೆ. ಯುರೋಪಿನಲ್ಲಿ 2024ರಲ್ಲಿ ಇದೇ ಪಿ.ಎಚ್.ಎಂ.ಬಿ.ಯ ಶೇಕಡಾ 0.08ರ ಹನಿಗೆ ಈ ರೋಗಕ್ಕೆಂದೇ ಒಪ್ಪಿಗೆ ಸಿಕ್ಕಿತು.

ಮೊದಲ ಎರಡು ದಿನ ಹಗಲು ರಾತ್ರಿ ಗಂಟೆಗೊಂದು ಹನಿ. ಆಮೇಲೆ ಕೆಲವು ದಿನ ಎಚ್ಚರವಿರುವ ಹೊತ್ತೆಲ್ಲ ಗಂಟೆಗೊಂದು. ನಂತರ ಕಣ್ಣು ನೋಡಿಕೊಂಡು ವೈದ್ಯರೇ ಕಡಿಮೆ ಮಾಡುತ್ತಾರೆ. ಒಟ್ಟು ಮೂರು ತಿಂಗಳು, ಆರು ತಿಂಗಳು, ಕೆಲವರಿಗೆ ಇನ್ನೂ ಹೆಚ್ಚು. ನೋವು ಇಳಿದ ಕೂಡಲೇ ಹನಿ ನಿಲ್ಲಿಸಿದರೆ ಚಿಪ್ಪಿನೊಳಗೆ ಕೂತಿದ್ದು ಹೊರಗೆ ಬರುತ್ತದೆ. ನಿಲ್ಲಿಸುವ ದಿನ ವೈದ್ಯರು ಹೇಳಬೇಕು, ನಾವಲ್ಲ.

ಹನಿ ಹಾಕುವಾಗ ಕೈ ಸೋಪಿನಲ್ಲಿ ತೊಳೆದು ಒರೆಸಿಕೊಳ್ಳಿ. ಕೆಳಗಿನ ರೆಪ್ಪೆ ಎಳೆದು ಒಂದೇ ಹನಿ ಬಿಡಿ. ಬಾಟಲಿಯ ತುದಿ ಕಣ್ಣಿಗೂ ಬೆರಳಿಗೂ ತಾಗಬಾರದು. ಎರಡು ಬಗೆಯ ಹನಿಗಳಿದ್ದರೆ ನಡುವೆ ಐದು ನಿಮಿಷ ಬಿಡಿ. ನೋವು ತಡೆಯಲಾಗದು ಎಂದು ಮರಗಟ್ಟುವ ಹನಿಯನ್ನು ಮನೆಗೆ ಕೇಳಬೇಡಿ. ಪದೇ ಪದೇ ಹಾಕಿದರೆ ಅದೇ ಕಾರ್ನಿಯಾವನ್ನು ಕೆಡಿಸುತ್ತದೆ. ನೋವಿಗೆ ಬೇರೆ ಮದ್ದು ಕೊಡುತ್ತಾರೆ.

ಮದ್ದಿಗೂ ಬಗ್ಗದಿದ್ದರೆ, ಅಥವಾ ವಾಸಿಯಾದ ಮೇಲೆ ದೊಡ್ಡ ಕಲೆ ಉಳಿದರೆ, ದಾನವಾಗಿ ಬಂದ ಕಣ್ಣಿನ ಕಾರ್ನಿಯಾ ಕಸಿ ಮಾಡುತ್ತಾರೆ. ಹೂ ಬಿದ್ದ ಕಣ್ಣಿಗೆ ಬೆಳಕು ಬರುವುದು ಇನ್ನೊಂದು ಮನೆಯವರು ಸಾವಿನ ದುಃಖದಲ್ಲೂ ನೇತ್ರದಾನಕ್ಕೆ ಒಪ್ಪಿದರೆ ಮಾತ್ರ. ಇದನ್ನು ಮನೆಯಲ್ಲಿ ಮಾತಾಡಿಡಿ.

ಅಂಗಡಿಯ ಆ ಡ್ರಾಪ್ಸ್

ಆ ಅಕ್ಕನಿಗೆ ಮೂರು ದಿನ ಹಾಯೆನಿಸಿತು ಅಂದೆನಲ್ಲ. ಆ ಬಾಟಲಿಯಲ್ಲಿ ಸ್ಟೀರಾಯ್ಡ್ ಇತ್ತು. ಸ್ಟೀರಾಯ್ಡ್ ಕೆಂಪನ್ನು ಇಳಿಸುತ್ತದೆ, ರೋಗಾಣುವನ್ನು ಕೊಲ್ಲುವುದಿಲ್ಲ. ದೇಹದ ಕಾವಲನ್ನು ಮಲಗಿಸಿ ಕಳ್ಳನಿಗೆ ದಾರಿ ಬಿಟ್ಟ ಹಾಗೆ. ಕೆಲವು ಕಣ್ಣಿನ ಕಾಯಿಲೆಗೆ ಅದು ಒಳ್ಳೆಯ ಮದ್ದೇ, ಆದರೆ ಪರೀಕ್ಷೆ ಮಾಡಿದ ವೈದ್ಯರು ಕೊಡಬೇಕು. ಪೆಟ್ಟಾದ ಕಣ್ಣಿಗೆ, ಕೆಂಪಾದ ಕಣ್ಣಿಗೆ ನಾವೇ ಹಾಕಬಾರದು. ಬಾಟಲಿಯ ಮೇಲೆ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್ ಎಂದು ಬರೆದಿದ್ದರೆ ಅದು ಸ್ಟೀರಾಯ್ಡ್. ಈ ಮೂರು ಹೆಸರು ನಿಮ್ಮ ಸಂಘದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡಿ. ಓದಲು ಬಾರದವರು ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ.

ಕಣ್ಣಿಗೆ ಏನಾದರೂ ತಾಗಿದಾಗ

ಉಜ್ಜಬೇಡಿ. ಕುದಿಸಿ ಆರಿಸಿದ ನೀರಿನಿಂದ ತೊಳೆಯಿರಿ. ನಾಲಿಗೆಯಿಂದ, ಸೆರಗಿನ ತುದಿಯಿಂದ, ಕಡ್ಡಿಯಿಂದ ಕಸ ತೆಗೆಸಬೇಡಿ. ಎದೆಹಾಲು, ಹರಳೆಣ್ಣೆ, ಜೇನು, ಹೂವಿನ ರಸ ಯಾವುದೂ ಬೇಡ. ನಮ್ಮ ಹಿರಿಯರನ್ನು ಹೀಗಳೆಯಲು ಹೇಳುತ್ತಿಲ್ಲ. ಗಾಯವಾದ ಕಣ್ಣಿಗೆ ಶುದ್ಧವಲ್ಲದ್ದು ಯಾವುದು ಹೋದರೂ ಅಪಾಯ, ಅಷ್ಟೇ. ಆದರೆ ಒಂದು ವಿಷಯ ಬೇರೆ. ಸುಣ್ಣವೋ ಕೀಟನಾಶಕವೋ ಬಿದ್ದರೆ ನೀರು ಕುದಿಸುತ್ತಾ ಕೂರಬೇಡಿ, ಕೈಗೆ ಸಿಕ್ಕ ನೀರಿನಿಂದ ಕೂಡಲೇ ಧಾರಾಳವಾಗಿ ತೊಳೆದು ಆಸ್ಪತ್ರೆಗೆ ಓಡಿ.

ತೊಳೆದ ಮೇಲೂ ಚುಚ್ಚಿದ ಹಾಗೆ ಇದ್ದರೆ ಅದೇ ದಿನ ಆರೋಗ್ಯ ಕೇಂದ್ರಕ್ಕೆ ಹೋಗಿ. ಅದೇ ದಿನ ಅಂತ ಒತ್ತಿ ಹೇಳುವುದಕ್ಕೆ ಕಾರಣ ಇದೆ. ನೇಪಾಳದ ಭಕ್ತಪುರದಲ್ಲಿ 1990ರ ದಶಕದಲ್ಲಿ ಊರಿನ ಆರೋಗ್ಯ ಕಾರ್ಯಕರ್ತರೇ ಕಣ್ಣು ಗೀರಿದ 442 ಜನರಿಗೆ ದಿನಕ್ಕೆ ಮೂರು ಸಲ, ಮೂರು ದಿನ ಕ್ಲೋರಾಂಫೆನಿಕಾಲ್ ಮುಲಾಮು ಹಾಕಿದರು. ಪೆಟ್ಟಾದ 18 ಗಂಟೆಯೊಳಗೆ ಮುಲಾಮು ಶುರುವಾದ 284 ಜನರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ಒಂದು ದಿನ ಕಳೆದು ಬಂದ 49 ಜನರಲ್ಲಿ 14 ಜನರಿಗೆ ಹುಣ್ಣಾಯಿತು. ಒಂದು ರಾತ್ರಿಯ ವ್ಯತ್ಯಾಸ ನೋಡಿ! ಆ ಮುಲಾಮು ಅಮೀಬಾವನ್ನು ಕೊಲ್ಲುವುದಿಲ್ಲ, ನಿಜ. ಆದ್ದರಿಂದ ಎರಡು ಮೂರು ದಿನದಲ್ಲಿ ಕಣ್ಣು ತಿಳಿಯಾಗದಿದ್ದರೆ ಮುಂದಿನ ಆಸ್ಪತ್ರೆಗೆ ಹೋಗಲೇಬೇಕು.

ಸಭೆಯಲ್ಲಿ ಕೇಳಿದ ಪ್ರಶ್ನೆಗಳು

"ಸಿಸ್ಟರ್, ಮಳೆಗಾಲದಲ್ಲಿ ಕೆರೆಯಲ್ಲಿ ಈಜಿದ ಮಕ್ಕಳಿಗೆ ಕಣ್ಣು ಕೆಂಪಾಗ್ತದಲ್ಲ, ಅದೂ ಇದೇನಾ?"

ಎಲ್ಲ ಕೆಂಪೂ ಇದಲ್ಲ. ಕೆಸರು ನೀರಿನಿಂದ ಬರುವ ಇನ್ನೊಂದಿದೆ, ಮೈಕ್ರೋಸ್ಪೊರಿಡಿಯಾ ಎಂದು. ಮೊದಲು ಇದನ್ನೂ ಪರೋಪಜೀವಿಗಳ ಜೊತೆ ಎಣಿಸುತ್ತಿದ್ದರು, ಈಗ ಬೂಸಿನ ನೆಂಟ ಎನ್ನುತ್ತಾರೆ. ಮಳೆಗಾಲದಲ್ಲಿ ಹೆಚ್ಚು. ಕಾರ್ನಿಯಾ ಮೇಲೆ ರವೆ ಚೆಲ್ಲಿದ ಹಾಗೆ ಸಣ್ಣ ಚುಕ್ಕೆ ಕಾಣುತ್ತವೆ. ಇದೂ ಕೆರೆದು ನೋಡಿದರೇ ಗೊತ್ತಾಗುವುದು. ಮೇಲ್ಪದರದಲ್ಲಿ ಮಾತ್ರ ಇದ್ದರೆ ಹೆಚ್ಚಿನವರಿಗೆ ತಾನಾಗಿಯೇ ವಾಸಿಯಾಗುತ್ತದೆ. ಪಿ.ಎಚ್.ಎಂ.ಬಿ. ಹಾಕಿದರೂ ಬರೀ ಹನಿ ಹಾಕಿದರೂ ಫಲ ಒಂದೇ ಎಂದು 2010ರಲ್ಲಿ ಪ್ರಕಟವಾದ ನಮ್ಮ ದೇಶದ ಅಧ್ಯಯನವೇ ತೋರಿಸಿದೆ. ಒಳಪದರಕ್ಕೆ ಇಳಿದರೆ ಮಾತ್ರ ಕಷ್ಟ. ಯಾವುದು ಎಂದು ವೈದ್ಯರೇ ಹೇಳಬೇಕು.

"ನನ್ನ ಮಗಳು ಕಾಲೇಜಿಗೆ ಲೆನ್ಸ್ ಹಾಕ್ಕೊಂಡು ಹೋಗ್ತಾಳೆ. ತೆಗೆಸಿಬಿಡಲಾ?"

ತೆಗೆಸಬೇಕಾಗಿಲ್ಲ, ಶಿಸ್ತು ಬೇಕು. ಲೆನ್ಸನ್ನೂ ಅದರ ಡಬ್ಬಿಯನ್ನೂ ನಲ್ಲಿ ನೀರಿನಲ್ಲಿ ತೊಳೆಯಬಾರದು, ಅದಕ್ಕೆಂದೇ ಇರುವ ದ್ರವ ಬಳಸಬೇಕು. ಸ್ನಾನ, ಈಜು, ನಿದ್ರೆಗೆ ಮುಂಚೆ ತೆಗೆದಿಡಬೇಕು. ಒದ್ದೆ ಕೈಯಲ್ಲಿ ಮುಟ್ಟಬಾರದು. ಕಣ್ಣು ಕೆಂಪಾದ ದಿನ ಲೆನ್ಸ್ ತೆಗೆದು ಕಣ್ಣಿನ ವೈದ್ಯರಿಗೆ ತೋರಿಸಬೇಕು.

ಸಂಘ ಏನು ಮಾಡಬಹುದು?

ಈಗ ಆ ಅಕ್ಕನ ಕಥೆ ಮುಗಿಸ್ತೀನಿ. ಪರೀಕ್ಷೆಯಲ್ಲಿ ಅಮೀಬಾ ಎಂದು ಗೊತ್ತಾದ ಮೇಲೆ ಮೊದಲ ಎರಡು ರಾತ್ರಿ ವಾರ್ಡಿನಲ್ಲಿ ನಾವು ಗಂಟೆಗೊಮ್ಮೆ ಎಬ್ಬಿಸಿ ಹನಿ ಹಾಕಿದೆವು. ಮನೆಗೆ ಕಳಿಸುವಾಗ ನನಗೆ ಚಿಂತೆ. ಗಂಡ ಕೂಲಿಗೆ, ಮಕ್ಕಳು ಶಾಲೆಗೆ. ಒಂದು ಕಣ್ಣು ಮುಚ್ಚಿ, ಇನ್ನೊಂದರಲ್ಲಿ ನೀರು ಸುರಿಸುತ್ತಾ ಗಂಟೆಗೊಮ್ಮೆ ಹನಿ ಹಾಕಿಕೊಳ್ಳುವುದು ಹೇಗೆ?

ಮುಂದಿನ ವಾರ ತಪಾಸಣೆಗೆ ಬಂದಾಗ ಜೊತೆಗೆ ಬಂದವರು ಸಂಘದ ಪ್ರತಿನಿಧಿ. ಹಾಜರಿ ಪುಸ್ತಕದ ಹಿಂದೆ ಗೆರೆ ಎಳೆದು, ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಯಾವ ಗಂಟೆಗೆ ಯಾರು ಎಂದು ಹೆಸರು ಬರೆದಿದ್ದರು. ಹಾಕಿದವರು ಸಹಿ, ಬಾರದವರು ಹೆಬ್ಬೆಟ್ಟು. ಒಂದು ಗಂಟೆಯೂ ತಪ್ಪಿರಲಿಲ್ಲ. ಬಸ್ ಚಾರ್ಜಿಗೆ, ಹನಿಗೆ ಸಂಘದಿಂದ ತುರ್ತು ಸಾಲ ಕೊಟ್ಟಿದ್ದರು. ನಮ್ಮ ಡಾಕ್ಟ್ರು ಆ ಪುಸ್ತಕ ನೋಡಿ, "ಇಂಥ ಕೇಸ್ ಶೀಟ್ ನಮ್ಮ ಹತ್ತಿರಾನೂ ಇಲ್ಲ ಸಿಸ್ಟರ್" ಅಂದರು.

ಐದು ತಿಂಗಳಿಗೆ ಕಣ್ಣು ಶಾಂತವಾಯಿತು. ಕಣ್ಣು ಉಳಿಯಿತು, ಪೂರ್ತಿ ದೃಷ್ಟಿ ಉಳಿಯಲಿಲ್ಲ. ಆ ಕಣ್ಣಲ್ಲಿ ಈಗ ದಾರಿ ಕಾಣುತ್ತದೆ, ಮುಖ ಮಸುಕು. ಯಂತ್ರ ತುಳಿಯುತ್ತಾರೆ, ಸೂಜಿಗೆ ದಾರ ಪೋಣಿಸಲು ಮಗಳನ್ನು ಕರೆಯುತ್ತಾರೆ. "ಸಿಸ್ಟರ್, ಸಂಘದವರು ಮೊದಲ ವಾರವೇ ಬಂದಿದ್ದರೆ?" ಎಂದು ಒಮ್ಮೆ ಕೇಳಿದರು. ಉತ್ತರ ನನ್ನಲ್ಲಿ ಇರಲಿಲ್ಲ. ಅದು ನಿಮ್ಮ ಕೈಯಲ್ಲಿದೆ ಎಂದೇ ಇವತ್ತು ಇಲ್ಲಿಗೆ ಬಂದೆ.

ನಿಮ್ಮ ಮುಂದಿನ ವಾರದ ಸಭೆಯಲ್ಲಿ ಒಂದು ತೀರ್ಮಾನ ಬರೆಯಿರಿ: ನಮ್ಮ ಸದಸ್ಯೆಯರಲ್ಲಿ, ಅವರ ಮನೆಯವರಲ್ಲಿ ಯಾರ ಕಣ್ಣಿಗೆ ಪೆಟ್ಟಾದರೂ ಅದೇ ದಿನ ಒಬ್ಬರು ಜೊತೆಯಾಗಿ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಆ ದಿನದ ಬಸ್ ಚಾರ್ಜಿಗೆ ಸಭೆ ಸೇರುವವರೆಗೆ ಕಾಯಬಾರದು. ಮೂರು ದಿನದಲ್ಲಿ ವಾಸಿಯಾಗದಿದ್ದರೆ ಕೆರೆದು ಪರೀಕ್ಷೆ ಮಾಡುವ ಆಸ್ಪತ್ರೆಗೆ ಹೋಗಬೇಕು. ಹನಿ ಹಾಕಲು ಸರದಿ ಬೇಕಾದರೆ ಸರದಿ ಹಾಕಬೇಕು.

ಹತ್ತು ರೂಪಾಯಿ ಹತ್ತು ರೂಪಾಯಿ ಸೇರಿಸಿ ಯಂತ್ರ ತಗೊಂಡವರು ನಾವು. ಹನಿ ಹನಿ ಹಾಕಿ ಒಂದು ಕಣ್ಣು ಉಳಿಸಲಾರೆವೇ?